ಬೀರಪ್ಪನನ್ನು ಬೈದ ಮಧ್ಯಾಹ್ನ

ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಅಂಜನಾಪುರದ ಕಾಲುವೆಯಲ್ಲಿ ಮೀಯಿಸುವುದು ನಮ್ಮ ಪದ್ಧತಿ. ಹಿಂದಿನ ಸಂಜೆ ಅಪ್ಪ ಕತ್ತರಿ ಮಸೆಯುತ್ತಾ, "ನಾಳೆ ನೀನೂ ಬಾ ಮಗಳೆ, ನಿಮ್ಮವ್ವಗಿಂತ ನೀನೇ ಗಟ್ಟಿ ಹಿಡೀತಿ," ಎಂದು ನಕ್ಕಿದ್ದ. ಮರುದಿನ ಜಾರಿದ ಕುರಿಯೊಂದನ್ನು ಹಿಡಿಯಲು ಹೋಗಿ ಅವನೇ ನೀರುಪಾಲಾದ. ಕುರಿ ದಡ ಹತ್ತಿತು. ಅಪ್ಪನ ಹೆಣ ಸಿಗಲಿಲ್ಲ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ, ಉಳಿದ ಕುರಿಗಳನ್ನು ಮೀಯಿಸಲು ಅವ್ವ ಹೊರಟಳು. ಬೀರಪ್ಪ ದೇವರ ಅರಿಶಿನ ಭಂಡಾರವನ್ನು ನನ್ನ ಹಣೆಗೆ ಹಚ್ಚಲು ಬಂದಾಗ ಅವಳ ಕೈ ತಳ್ಳಿದೆ. ಪುಡಿಯೆಲ್ಲ ಕಂಬಳಿಯ ಮೇಲೆ ಚೆಲ್ಲಿತು.

"ಅಪ್ಪಗೂ ಹಚ್ಚಿದ್ಯಲ್ಲ. ಏನ್ ಮಾಡ್ದ ನಿನ್ ದೇವ್ರು?"

ಅವ್ವ ಹೊಡೆಯಲಿಲ್ಲ. ಒರಟು ಕಂಬಳಿಯಿಂದ ಪುಡಿಯನ್ನು ಬೆರಳಲ್ಲಿ ಬಳಿದುಕೊಂಡಳು. "ನನ್ನೇನ್ ಕೇಳ್ತಿ, ಅವನ್ನೇ ಕೇಳು. ನಾನೂ ದಿನಾ ಬೈತೀನಿ. ಬೈದು, ಕೈ ಹಿಡಿಯಪ್ಪ ಅಂತೀನಿ. ಅವನ್ನ ಬಿಟ್ರೆ ನಂಗ್ಯಾರಿದಾರೆ?"

ದಾರಿಯುದ್ದಕ್ಕೂ ಬೀರಪ್ಪನನ್ನು ಬಾಯಿಗೆ ಬಂದಂತೆ ಬೈದೆ. ಅವ್ವ ಸೊಂಟಮಟ್ಟ ನೀರಿಗಿಳಿದಾಗ ಮಾತ್ರ ಬೈಗುಳ ನಿಲ್ಲಿಸಿ, ಇವಳನ್ನಾದರೂ ಬಿಡು ಎಂದು ಕೇಳಿಕೊಂಡೆ. ಅವ್ವ ಮೇಲೆ ಬಂದಳು.

ಈಗಲೂ ಭಂಡಾರದ ವಾಸನೆ ಬಂದರೆ ಸಿಟ್ಟು ಬರುತ್ತದೆ, ಕೈಯನ್ನೂ ಮುಗಿಯುತ್ತೇನೆ. ಅಮಾವಾಸ್ಯೆಗೆ ಹೂವಿಡಲು ಅಪ್ಪನ ಸಮಾಧಿ ನಮಗಿಲ್ಲ.