ಲೋಟದ ಮೇಲಿನ ಹೆಸರು

“ಹೊಸ ಬ್ರಾಂಚಿಗೆ ನೀವೇ ಮ್ಯಾನೇಜರ್,” ಎಂದು ಕಂಪನಿಯ ಅಧಿಕಾರಿ ಹೇಳಿದಾಗ, ಡೋನಟ್ ಜೋಡಿಸುತ್ತಿದ್ದ ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಎಲ್ಲಿ ಸರ್?”

“ಎದುರಿಗೇ. ನೀವೇ ತೋರಿಸಿದ ಜಾಗ ಅಲ್ವಾ?” ಅವನು ಗಾಜಿನಾಚೆ ಬೆರಳು ಚಾಚಿದ. “ಕಟ್ಟಡದ ಮಾಲೀಕರ ಹತ್ರ ಮಾತು ಮುಗೀತು. ತಿಂಗಳ ಕೊನೆಗೆ ಆ ಕಾಫಿ ಅಂಗಡಿ ಖಾಲಿ.”

ಆ ಕಾಫಿ ಅಂಗಡಿ ಅವಳಪ್ಪನದು.

ಈ ಬೀದಿಯಲ್ಲಿ ಬೆಳಗ್ಗೆ ಜನ ಎಲ್ಲಿ ಜಾಸ್ತಿ ಸೇರುತ್ತಾರೆ ಎಂದು ಇದೇ ಅಧಿಕಾರಿ ಹಿಂದೊಮ್ಮೆ ಕೇಳಿದ್ದ. ದೇಶ ದೇಶ ದಾಟಿ ಬೀದಿಗೆರಡು ಅಂಗಡಿ ತೆರೆಯುತ್ತ ಬಂದ ಕಂಪನಿಯವನು ಅಂಥದ್ದನ್ನು ಸುಮ್ಮನೆ ಕೇಳುತ್ತಾನೆಯೇ? ಅದು ಅವಳ ತಲೆಗೆ ಹೊಳೆಯಲಿಲ್ಲ. “ಎದುರಿನ ಕಾಫಿ ಅಂಗಡೀಲಿ ಸರ್, ಕಾಲಿಡೋಕೂ ಜಾಗ ಇರಲ್ಲ,” ಎಂದು ಉಬ್ಬಿಹೋಗಿ ಹೇಳಿದ್ದಳು. ಅದು ನಮ್ಮಪ್ಪಂದು ಎನ್ನುವುದನ್ನು ಮಾತ್ರ ನುಂಗಿಕೊಂಡಿದ್ದಳು. ಕೆಲಸಕ್ಕೆ ಕುತ್ತು ಬಂದೀತೆಂಬ ಭಯ.

ಈಗಲಾದರೂ ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ಅಪ್ಪ! ಒಂದು ದಿನವೂ ಈ ಹೊಸ್ತಿಲು ತುಳಿಯದವನು, ಕಾಫಿ ಕಲೆಯ ಅಂಗಿಯಲ್ಲೇ ರಸ್ತೆ ದಾಟಿ ಬಂದಿದ್ದ. ಮಾಲೀಕ ಸುದ್ದಿ ಮುಟ್ಟಿಸಿದ್ದಾನೆಂಬುದು ಮುಖದಲ್ಲೇ ಕಾಣುತ್ತಿತ್ತು. ಜಾಗ ತೋರಿಸಿದ್ದು ಯಾರೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಅಧಿಕಾರಿ ಒಂದು ಮಾತು ಬಾಯಿಬಿಟ್ಟರೆ ಮುಗಿಯಿತು.

“ಗಿರಾಕಿ ಬಂದ್ರು. ನೋಡೋಣ ನಿಮ್ಮ ಕೆಲಸ,” ಎಂದು ಅಧಿಕಾರಿ ಪಕ್ಕದಲ್ಲೇ ಕೈಕಟ್ಟಿ ನಿಂತ.

ಕಂಪನಿಯ ಕಟ್ಟಪ್ಪಣೆ ಎಲ್ಲ ದೇಶಕ್ಕೂ ಒಂದೇ. ಬಂದವರು ಯಾರೇ ಆಗಲಿ, ಅದೇ ನಗು, ಅದೇ ಸ್ವಾಗತ. ಹೆಸರು ಕೇಳಿ ಲೋಟದ ಮೇಲೆ ಬರೆಯಬೇಕು, ಕಾಫಿಯಾದಾಗ ಅದನ್ನು ಕೂಗಬೇಕು. ಹೆತ್ತಪ್ಪ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ನಮಸ್ಕಾರ, ಸ್ವಾಗತ. ಏನು ಕೊಡಲಿ?”

“ಒಂದು ಕಾಫಿ.”

“ಜೊತೆಗೆ... ಡೋನಟ್?”

“ಗಂಟಲಲ್ಲಿ ಇಳಿಯಲ್ಲ.”

ಅವಳು ಲೋಟ, ಪೆನ್ನು ಕೈಗೆತ್ತಿಕೊಂಡಳು. ಅಧಿಕಾರಿ ಹುಬ್ಬು ಹಾರಿಸಿದ, ಮುಂದೇನು ಎಂಬಂತೆ.

“ನಿಮ್ಮ... ನಿಮ್ಮ ಹೆಸರು?”

ಅಪ್ಪ ಅವಳನ್ನೇ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದ: “ನಿನ್ನ ಹೆಸರೇ ಬರಿ ಮಗಳೇ. ನೀನು ಹುಟ್ಟಿದಾಗ ಅಂಗಡಿ ಬೋರ್ಡಿನ ಮೇಲೆ ಬರೆಸಿದ್ದೆ. ಇನ್ನು ಅದನ್ನ ಇಳಿಸ್ತಾರೆ. ಈ ಲೋಟದ ಮೇಲಾದ್ರೂ ಇರಲಿ.”

ದುಡ್ಡಿಟ್ಟು, ಕಾಫಿಗೂ ಕಾಯದೆ ಹೊರಟುಹೋದ. ಅವಳು ಬರೆದಳು. ಕಾಫಿ ಬಂತು. ಲೋಟ ಎತ್ತಿ ಹಿಡಿದು, ಅಂಗಡಿಯೆಲ್ಲ ಕೇಳುವಂತೆ ಆ ಹೆಸರು ಕೂಗಿದಳು. ಯಾರೂ ಎದ್ದು ಬರಲಿಲ್ಲ.

“ಏನ್ರೀ ಇದು?” ಅಧಿಕಾರಿ ಸಿಡುಕಿದ. “ಗಿರಾಕಿ ಹೆಸರು ಕೂಗಿ ಅಂದ್ರೆ ನಿಮ್ಮ ಹೆಸರು ಕೂಗ್ತೀರಲ್ಲ!”

ಅವಳು ಗಾಜಿನಾಚೆ ಬೆರಳು ಚಾಚಿದಳು. ಜನರನ್ನು ಎಣಿಸಿ, ಜಾಗ ಅಳೆದು, ಮಾತು ಮುಗಿಸಿ ಬಂದಿದ್ದ ಅಧಿಕಾರಿ ಆ ಅಂಗಡಿಯ ಬೋರ್ಡನ್ನು ಆಗ ಮೊದಲ ಸಲ ಓದಿದ.