ಸೇವಂತಿಗೆ ಅರಳಿದ ಮೇಲೆ

ಬಲ್ಬಿನ ಮೇಲೆ ಧೂಳಿರಲಿಲ್ಲ.

ತಾರಸಿಯಲ್ಲಿ ಉಳಿದ ಎಲ್ಲದರ ಮೇಲೂ ಇತ್ತು: ನೀರಿನ ತೊಟ್ಟಿ, ಹಳೆಯ ಕುರ್ಚಿ, ಬಟ್ಟೆ ಒಣಹಾಕುವ ಕಂಬ. ಆ ಕಂಬದ ತುದಿಯಲ್ಲಿ, ಮೂವತ್ತು ಸೇವಂತಿಗೆ ಕುಂಡಗಳ ನೆತ್ತಿಗೆ ಸರಿಯಾಗಿ ತೂಗುತ್ತಿದ್ದ ಬಲ್ಬು ಮಾತ್ರ ಯಾರೋ ಈಗಷ್ಟೇ ಒರೆಸಿಟ್ಟಂತೆ ಫಳಫಳ ಎನ್ನುತ್ತಿತ್ತು. ಮನೆಯೊಡತಿಯ ತಮ್ಮ ಕುರ್ಚಿಯಿಂದ ಇಳಿದು ಕೈ ಝಾಡಿಸಿಕೊಂಡ. ಮೂವತ್ತೆರಡು ವರ್ಷ ನೋಂದಣಿ ಕಚೇರಿಯಲ್ಲಿ ಕಳ್ಳ ರುಜು ಹಿಡಿದವನು ಅವನು. ಅವನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಅವನ ಸಂಕಟವೂ ಸಣ್ಣದಲ್ಲ. ಅವನಿದ್ದ ಬಾಡಿಗೆ ಮನೆಯನ್ನು ಕೆಡವಿದ್ದರು. ಎರಡು ತಿಂಗಳಿಂದ ಅಕ್ಕನ ಮನೆಯ ಹಾಲಿನಲ್ಲಿ, ಸೋಫಾದ ಮೇಲೆ ಮಲಗುತ್ತಿದ್ದ. ಸೋಫಾ ಐದಡಿ, ಅವನು ಐದೂ ಮುಕ್ಕಾಲು. ಮಹಡಿಯ ಕೋಣೆ ಖಾಲಿಯಾದ ದಿನ ಅದು ನಿನ್ನದೇ ಎಂದು ಅಕ್ಕ ಮಾತು ಕೊಟ್ಟಿದ್ದಳು. ಖಾಲಿಯಾಗಬೇಕಲ್ಲ! ಅಲ್ಲಿ ಹನ್ನೊಂದು ವರ್ಷದಿಂದ ಗಡಿಯಾರ ರಿಪೇರಿ ಮಾಡುವ ವಿಧುರರೊಬ್ಬರು ಬೇರು ಬಿಟ್ಟಿದ್ದರು.

ಅಕ್ಕ ನಿವೃತ್ತ ಹೆಡ್ಮಿಸ್. ಮದುವೆಯ ಗೊಡವೆಗೆ ಹೋದವಳಲ್ಲ. ಬಾಡಿಗೆಯವರ ಮೇಲೂ ಶಾಲೆಯ ಶಿಸ್ತೇ. ನಲ್ಲಿ ತೊಟ್ಟಿಕ್ಕಿದರೆ ಒಂದು ಚೀಟಿ, ಫ್ಯಾನು ಸುಮ್ಮನೆ ತಿರುಗಿದರೆ ಇನ್ನೊಂದು ಚೀಟಿ. ಗಡಿಯಾರದವರು ಆ ಚೀಟಿಗಳಲ್ಲಿ ಒಂದನ್ನೂ ಬಿಸಾಡದೆ ಬಿಸ್ಕತ್ತಿನ ಡಬ್ಬಿಯಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ಕೋರ್ಟಿಗೆ ಹೋಗುವ ಹುನ್ನಾರ ಎಂದು ತಮ್ಮ ಊಹಿಸಿದ.

ಮನೆ ಬಿಡಿ ಎಂದದ್ದೂ ಚೀಟಿಯಲ್ಲೇ. ತಮ್ಮನೇ ಪಕ್ಕದಲ್ಲಿ ಕೂತು ಬರೆಸಿದ್ದ. ಕೊನೆಯ ಸಾಲು ಮಾತ್ರ ಅಕ್ಕನದು: ಸೇವಂತಿಗೆ ಅರಳಿದ ಮೇಲೆ ಹೊರಟರೆ ಸಾಕು. ಗೋರಿಯ ಮೇಲಿಡುವ ಹೂವಿಗೆ ಇಷ್ಟೊಂದು ಮರ್ಯಾದೆಯೇ ಎಂದು ತಮ್ಮ ಮೂಗು ಮುರಿದ. ಕೆಲವು ದೇಶದಲ್ಲಿ ಗೋರಿಗೆ, ಇನ್ನು ಕೆಲವು ದೇಶದಲ್ಲಿ ದೀರ್ಘಾಯುಷ್ಯಕ್ಕೆ ಎಂದಳು ಭೂಗೋಳ ಪಾಠ ಮಾಡಿದ್ದ ಅಕ್ಕ. ಹೇಗೂ ಹೂ ಬಿಡುವ ಕಾಲ, ಎರಡು ವಾರದ ಮಾತು ಎಂದು ಅವನು ಸುಮ್ಮನಾದ. ಗಡಿಯಾರದವರು ಮರುಮಾತಾಡದೆ ಸಾಮಾನು ಕಟ್ಟತೊಡಗಿದರು. ಪಾಪ, ಮುಖ ಮಾತ್ರ ಸಣ್ಣದಾಗಿತ್ತು.

ಆರು ವಾರ ಕಳೆಯಿತು. ಬೀದಿಯಲ್ಲೆಲ್ಲ ಸೇವಂತಿಗೆ ಅರಳಿ, ಅಂಗಡಿಗಳಲ್ಲಿ ಬುಟ್ಟಿಗಟ್ಟಲೆ ಬಿದ್ದು, ಮುಗಿಯುತ್ತಲೂ ಬಂತು. ಈ ಮೂವತ್ತು ಗಿಡ ಮಾತ್ರ ಸೊಂಟದೆತ್ತರ ಬೆಳೆದು ಎಲೆಯ ಮೇಲೆ ಎಲೆ ಬಿಡುತ್ತಿದ್ದವು. ಮೊಗ್ಗಿನ ಸುಳಿವೇ ಇಲ್ಲ.

ನರ್ಸರಿಯವನ ಬಳಿಗೆ ತಮ್ಮ ಓಡಿದ. ಅವನು ನಕ್ಕುಬಿಟ್ಟ. ಸೇವಂತಿಗೆಗೆ ಗೊಬ್ಬರಕ್ಕಿಂತ ಕತ್ತಲೆ ಮುಖ್ಯವಂತೆ. ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು. ನಡುರಾತ್ರಿ ಒಂದೆರಡು ಗಂಟೆ ದೀಪ ಉರಿಸಿದರೆ ಇನ್ನೂ ಬೇಸಿಗೆಯೇ ಎಂದುಕೊಂಡು ಗಿಡ ಬೆಪ್ಪಾಗಿ ಎಲೆ ಬಿಡುತ್ತದಂತೆ. ಹೂವನ್ನು ತಡಮಾಡಿಸಲು ಬೆಳೆಗಾರರೇ ಹೀಗೆ ಮಾಡುತ್ತಾರಂತೆ.

ಎದುರುಮನೆಯ ನರ್ಸ್ ನಡುರಾತ್ರಿ ಪಾಳಿ ಮುಗಿಸಿ ಬರುವಾಗ ತಾರಸಿಯಲ್ಲಿ ದಿನಾ ದೀಪ ನೋಡುತ್ತಿದ್ದಳು. ಸರಿ, ಸೋಫಾವನ್ನು ಮೆಟ್ಟಿಲಿಗೆ ಅಡ್ಡ ಎಳೆದು ತಮ್ಮ ಮೂರು ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಒಂದು ನರಪಿಳ್ಳೆಯೂ ಮೇಲೆ ಹತ್ತಲಿಲ್ಲ. ಮೂರು ರಾತ್ರಿಯೂ ದೀಪ ಉರಿಯಿತು ಎಂದಳು ನರ್ಸ್. ಅಂದಮೇಲೆ ಹಾಕುವವರು ಮಹಡಿಯಲ್ಲೇ ಇದ್ದಾರೆ. ಒಂಬತ್ತಕ್ಕೆ ತಲೆಯಿಟ್ಟರೆ ಮನೆ ಬಿದ್ದರೂ ಎಚ್ಚರವಾಗುವುದಿಲ್ಲ ಎಂದು ಗಡಿಯಾರದವರು ಹೇಳಿಕೊಳ್ಳುವುದೆಲ್ಲ ಬರೀ ನಾಟಕ.

ಈಗ ಬಲ್ಬೂ ಸಾಕ್ಷಿ ಹೇಳಿತ್ತು. ಅವನು ಅಕ್ಕನನ್ನೂ ಗಡಿಯಾರದವರನ್ನೂ ತಾರಸಿಗೆ ಕರೆದು, ಕತ್ತಲೆ, ಮೊಗ್ಗು, ನರ್ಸ್ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಅವನಿಗೆ ಹೇಳಲಾರದಷ್ಟು ಖುಷಿಯಾಗಿತ್ತು. ಅಕ್ಕ ಸೇವಂತಿಗೆಯ ಒಂದು ಎಲೆಯನ್ನು ಹಿಡಿದುಕೊಂಡು ನಿಂತಿದ್ದಳು.

ಗಡಿಯಾರದವರು ಬಲ್ಬನ್ನು ನೋಡಿದರು. ಅದರ ತಂತಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನನ್ನು ನೋಡಿ ಕಿವಿಯವರೆಗೂ ಕೆಂಪಾದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡ ತಮ್ಮ.

"ಹೌದು, ನಾನೇ ಹಾಕ್ತಿದ್ದೆ," ಎಂದರು ಗಡಿಯಾರದವರು. "ಇಲ್ಲಿಂದ ಹೋಗೋಕೆ ಮನಸ್ಸೇ ಬರ್ಲಿಲ್ಲ, ಮೇಡಂ."

"ಅದನ್ನ ಬಾಯಿಬಿಟ್ಟು ಹೇಳಬಹುದಿತ್ತಲ್ಲ," ಎಂದಳು ಅಕ್ಕ. ಅವಳ ದನಿ ನಡುಗುತ್ತಿತ್ತು. ಕೋಪ ಬಂದಿರಬೇಕು.

"ತಪ್ಪಾಯ್ತು. ಹನ್ನೊಂದು ವರ್ಷ ತಡ ಮಾಡಿಬಿಟ್ಟೆ."

ಆರು ವಾರ ಎಂದು ತಮ್ಮ ತಿದ್ದಿದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅಕ್ಕ ಗಂಟಲು ಸರಿಮಾಡಿಕೊಂಡು ಹೆಡ್ಮಿಸ್ ಆದಳು. "ಮಾಡಿದ ತಪ್ಪಿಗೆ ಶಿಕ್ಷೆ ಆಗಲೇಬೇಕು. ಈ ವರ್ಷದ ಹೂ ಅಂತೂ ಹೋಯ್ತು. ಮುಂದಿನ ವರ್ಷದ್ದು ಅರಳೋವರೆಗೂ ನೀವು ಇಲ್ಲೇ ಇರಬೇಕು, ನನ್ನ ಕಣ್ಣೆದುರಿಗೆ."

"ಒಂದೇ ವರ್ಷನಾ ಮೇಡಂ? ಶಿಕ್ಷೆ ಕಮ್ಮಿ ಆಯ್ತು."

ಇಬ್ಬರೂ ಚಹಾ ಕುಡಿಯಲು ಕೆಳಗೆ ಹೋದರು. ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕಳ್ಳನನ್ನು ಹಿಡಿದುಕೊಟ್ಟವನಿಗೆ ಸೋಫಾ, ಕಳ್ಳನಿಗೆ ಮಹಡಿ. ಇದು ಯಾವ ಊರಿನ ನ್ಯಾಯ? ಕೊನೆಗೆ ಆ ಹಾಳು ದೀಪವನ್ನಾದರೂ ಇನ್ನೆಂದೂ ಉರಿಯದ ಹಾಗೆ ಮಾಡುತ್ತೇನೆಂದು ಸ್ವಿಚ್ಚು ಹುಡುಕಿದ. ಬಾಗಿಲ ಪಕ್ಕ ಇಲ್ಲ. ಗಡಿಯಾರದವರ ಕೋಣೆಯೊಳಗೆ ಇಲ್ಲ. ತೊಟ್ಟಿಯ ಹಿಂದೆಯೂ ಇಲ್ಲ. ಕಡೆಗೆ ತಂತಿಯನ್ನೇ ಹಿಡಿದುಕೊಂಡು ಹೊರಟ.

ತಂತಿ ತಾರಸಿಯ ಅಂಚು ದಾಟಿ, ಹೊರಗೋಡೆಗುಂಟ ಕೆಳಗಿಳಿದು, ಅಕ್ಕನ ಮಲಗುವ ಕೋಣೆಯ ಕಿಟಕಿಯಿಂದ ಒಳಹೊಕ್ಕು, ಅವಳ ದಿಂಬಿನ ಪಕ್ಕದ ಸ್ವಿಚ್ಚಿಗೆ ಹೋಗಿ ಸೇರಿತ್ತು.