ದ್ವೇಷಕ್ಕೆ ಐದು ಅಂಕ

"ಥೂ, ಇದಾ? ಕರೀ ಮೂತಿ. ತಿಪ್ಪೇಲಿ ಸಿಕ್ಕಿದ್ದು," ಅಂದಳು ಒಂಬತ್ತು ವರ್ಷದ ಪಿಳ್ಳಮ್ಮ, ಸೊಂಟದ ಮೇಲಿದ್ದ ತಮ್ಮನನ್ನು ಬಿಗಿಯಾಗಿ ಅವುಚಿಕೊಂಡು.

ನಲವತ್ತಾರನೇ ಇಸವಿ. ಮಕ್ಕಳಿಗೆ ಒಡಹುಟ್ಟಿದವರ ಮೇಲೆ ಪ್ರೀತಿ ಎಷ್ಟು, ದ್ವೇಷ ಎಷ್ಟು ಎಂದು ಅಳೆಯಲು ನರಹರಿರಾಯರು ಬೆಂಗಳೂರಿನಿಂದ ದೇವನಹಳ್ಳಿ ಕಡೆಯ ಒಂದು ಹಳ್ಳಿ ಶಾಲೆಗೆ ಬಂದಿದ್ದರು. ಅವರು ಕೂಸನ್ನು ನೋಡಿದರು. ಎಣ್ಣೆ ಹಚ್ಚಿ ತೀಡಿದ ತಲೆ, ಕೆನ್ನೆಯ ಮೇಲೆ ಬೇಕೆಂದೇ ಬಳಿದ ಮಸಿ.

"ಮುದ್ದಾಗಿದಾನಲ್ಲಮ್ಮ?"

ಹುಡುಗಿ ಪಕ್ಕಕ್ಕೆ ತಿರುಗಿ ಮೂರು ಸಲ ಉಗಿದಳು. "ಎಲ್ಲಿಯ ಮುದ್ದು ಸಾಮಿ? ಹಂದಿಮರಿ ಇದ್ದಂಗವ್ನೆ."

ರಾಯರು ಪ್ರೀತಿಯ ಕೆಳಗೆ ಸೊನ್ನೆ, ದ್ವೇಷದ ಕೆಳಗೆ ಐದು ಬರೆದರು. ಪಿಳ್ಳಮ್ಮ ಕತ್ತು ಚಾಚಿ ಹಾಳೆ ನೋಡಿದಳು.

"ಏನು ಬರದ್ರಿ ಸಾಮಿ?"

"ತಮ್ಮನ ಮೇಲೆ ನಿನಗೆ ದ್ವೇಷ ಅಂತ. ಐದಕ್ಕೆ ಐದು."

ಅವಳ ಮುಖ ಅರಳಿತು. ಹತ್ತಿರ ಬಂದು ದನಿ ತಗ್ಗಿಸಿದಳು. "ಜೋರಾಗಿ ಓದಿ ಸಾಮಿ, ಎಲ್ಲಾರ್ಗೂ ಕೇಳ್ಲಿ. ಇವನಿಗಿಂತ ಮುಂಚೆ ಹುಟ್ಟಿದ್ದ ಇಬ್ರನ್ನೂ ಊರೋರೆಲ್ಲ ಚೆಂದ ಚೆಂದ ಅಂದ್ರು. ಒಂದೂ ಉಳೀಲಿಲ್ಲ."

ರಾಯರ ಪೆನ್ಸಿಲ್ ಸೊನ್ನೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರು ಎದ್ದು, ಬೀದಿಗೂ ಕೇಳುವಂತೆ ಓದಿದರು.

"ದ್ವೇಷ, ಐದಕ್ಕೆ ಐದು!"